ಸ್ಪೈರೋ, ಪಿಟಿಎಎ, ಸ್ಯಾಮ್: ಮೂರನ್ನೂ ಲೇಪಿಸಿ ನೋಡಿದ ಮೇಲೆ

ಪೆರೋವ್‌ಸ್ಕೈಟ್ ಎಂಬ ಹರಳು ವಸ್ತುವಿನ ಸೌರಕೋಶದಲ್ಲಿ, ಬೆಳಕಿನಿಂದ ಹುಟ್ಟುವ ಧನ ಆವೇಶವನ್ನು ವಿದ್ಯುದ್ವಾರಕ್ಕೆ ಸಾಗಿಸುವ ಪದರಕ್ಕೆ ನಾನು ಬಳಸಿ ನೋಡಿದ ವಸ್ತುಗಳು ಈ ಮೂರು. ಮೊದಲನೆಯದಾದ ಸ್ಪೈರೋ-ಒಮೆಟ್ಯಾಡ್ ಬಳಿದ ದಿನವೇ ಕೋಶವನ್ನು ಅಳೆದು ನಾನು ಹಲವು ಬಾರಿ ನಿರಾಶನಾಗಿದ್ದೇನೆ. ಅದನ್ನು ಒಂದು ರಾತ್ರಿ ಒಣ ಗಾಳಿಯಲ್ಲಿ ಇಡಬೇಕು. ಆಮ್ಲಜನಕ ತಗುಲಿ ಅಣುಗಳು ಭಾಗಶಃ ಉತ್ಕರ್ಷಣಗೊಂಡ ಮೇಲೆಯೇ ಪದರದ ವಾಹಕತೆ ಏರುತ್ತದೆ. ಮರುದಿನದ ಅಳತೆಯಲ್ಲಿ ಫಿಲ್ ಫ್ಯಾಕ್ಟರ್ (ಕೋಶದ ಗರಿಷ್ಠ ವೋಲ್ಟೇಜ್ ಮತ್ತು ಪ್ರವಾಹದ ಗುಣಲಬ್ಧದಲ್ಲಿ ನಿಜವಾಗಿ ಕೈಗೆ ಸಿಗುವ ಪಾಲು) ಜಿಗಿದಿರುವುದನ್ನು ಕಂಡಾಗ ಆಗುವ ಸಂತೋಷ ಇಂದಿಗೂ ಕಡಿಮೆಯಾಗಿಲ್ಲ. 2012ರಲ್ಲಿ ದ್ರವ ಎಲೆಕ್ಟ್ರೋಲೈಟ್ ಬಿಟ್ಟು ಘನರೂಪದ ಪೆರೋವ್‌ಸ್ಕೈಟ್ ಕೋಶಗಳು ಶೇಕಡಾ 10ರ ಆಸುಪಾಸಿನ ದಕ್ಷತೆಗೆ ಬಂದದ್ದು ಇದೇ ವಸ್ತುವಿನಿಂದ.

ಆದರೆ ವಾಹಕತೆಗಾಗಿ ಬೆರೆಸುವ ಲಿಥಿಯಂ ಲವಣ ತೇವವನ್ನು ಹೀರುತ್ತದೆ, ಜೊತೆಗೆ ಹಾಕುವ ಟರ್ಷರಿ ಬ್ಯುಟೈಲ್ ಪಿರಿಡೀನ್ ನಿಧಾನವಾಗಿ ಆವಿಯಾಗುತ್ತದೆ. ಕಾವು ಕೊಟ್ಟರೆ ಮೇಲೆ ವಿದ್ಯುದ್ವಾರವಾಗಿ ಲೇಪಿಸಿದ ಚಿನ್ನವೂ ಸ್ಪೈರೋ ದಾಟಿ ಪೆರೋವ್‌ಸ್ಕೈಟ್‌ಗೆ ನುಸುಳುತ್ತದೆ. 85 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ ನನ್ನ ಸ್ಪೈರೋ ಕೋಶಗಳೇ ಎಲ್ಲಕ್ಕಿಂತ ಮೊದಲು ಸೋತವು.

ಪಿಟಿಎಎ ಪಾಲಿಮರ್ ಆದ್ದರಿಂದ ಕಾವಿಗೆ ಗಟ್ಟಿ. ತಲೆಕೆಳಗಾದ ವಿನ್ಯಾಸದಲ್ಲಿ, ಅಂದರೆ ಪೆರೋವ್‌ಸ್ಕೈಟ್‌ನ ಅಡಿಯಲ್ಲಿ, ಸುಮಾರು 10 ನ್ಯಾನೋಮೀಟರ್ ಪದರ ಸಾಕು, ಡೋಪಿಂಗ್ (ವಾಹಕತೆಗಾಗಿ ಲವಣದಂಥದ್ದನ್ನು ಬೆರೆಸುವುದು) ಬೇಕಿಲ್ಲ. ತೊಂದರೆ ಬೇರೆ ಕಡೆ ಇದೆ. ಅದರ ಮೇಲ್ಮೈ ಪೆರೋವ್‌ಸ್ಕೈಟ್ ದ್ರಾವಣವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಅದು ಉರುಳಿಹೋಗುತ್ತದೆ. ಮೊದಲು ಡಿಎಂಎಫ್ ಎಂಬ ದ್ರಾವಕದಿಂದ ಮೇಲ್ಮೈ ತೊಳೆದಾಗ ನನಗೆ ಸಮವಾದ ಪದರ ಸಿಕ್ಕಿತು. ಆದರೂ ಪಾಲಿಮರ್‌ನ ಅಣುತೂಕ ಪ್ರತಿ ಬ್ಯಾಚಿಗೂ ಬದಲಾಗುವುದರಿಂದ ಹಿಂದಿನ ಫಲಿತಾಂಶವನ್ನು ಮತ್ತೆ ಪಡೆಯುವುದು ಕಷ್ಟ.

ಈಗ ನಾನು ಹೆಚ್ಚು ಬಳಸುವುದು ಸ್ಯಾಮ್, ಅಂದರೆ ತಾವಾಗಿಯೇ ಸಾಲುಗೂಡುವ ಒಂದೇ ಅಣುವಿನ ಪದರ. ಟೂಪಿಎಸಿಜ಼ೆಡ್ ಗುಂಪಿನ ಕಾರ್ಬಜೋಲ್ ಅಣುಗಳ ಫಾಸ್ಫೋನಿಕ್ ಆಮ್ಲದ ತುದಿ ಐಟಿಒ (ವಿದ್ಯುತ್ ಹರಿಸುವ ಪಾರದರ್ಶಕ ಲೇಪನ) ಇರುವ ಗಾಜನ್ನು ಗಟ್ಟಿಯಾಗಿ ಹಿಡಿಯುತ್ತದೆ. ಎಥನಾಲ್‌ನಲ್ಲಿ ಒಂದು ಮಿಲಿಮೋಲಾರ್ ದ್ರಾವಣ, ಸ್ಪಿನ್ (ಗಾಜನ್ನು ವೇಗವಾಗಿ ತಿರುಗಿಸಿ ಲೇಪಿಸುವುದು), 100 ಡಿಗ್ರಿಯಲ್ಲಿ ಹತ್ತು ನಿಮಿಷ: ಅಷ್ಟೇ. ಪದರ ಇಷ್ಟು ತೆಳುವಾದ್ದರಿಂದ ಅದು ಬೆಳಕನ್ನು ಹೀರುವುದೂ ನಗಣ್ಯ. 2020ರಲ್ಲಿ ಸಿಲಿಕಾನ್ ಜೊತೆಗಿನ ಜೋಡಿಕೋಶ ಶೇಕಡಾ 29.15 ದಕ್ಷತೆ ತಲುಪಿದ್ದು ಇದೇ ಕುಟುಂಬದ ಅಣುವಿನಿಂದ.

ಗಾಜನ್ನು ಯುವಿ-ಓಜೋನ್‌ನಲ್ಲಿ ಚೆನ್ನಾಗಿ ಶುಚಿಮಾಡದಿದ್ದರೆ ಮಾತ್ರ ಅಣುಗಳು ಅಲ್ಲಲ್ಲಿ ಹಿಡಿಯದೆ ಬಿಟ್ಟು, ಪೆರೋವ್‌ಸ್ಕೈಟ್ ನೇರವಾಗಿ ಐಟಿಒ ಮುಟ್ಟುತ್ತದೆ; ವೋಲ್ಟೇಜ್ ಕುಸಿಯುತ್ತದೆ. ಹಾಗೆ ಕೆಟ್ಟ ಗಾಜುಗಳ ಡಬ್ಬಿಯೇ ನನ್ನ ಬಳಿ ಇದೆ.

ಸ್ಪೈರೋ ಪೆರೋವ್‌ಸ್ಕೈಟ್‌ನ ಮೇಲೆ, ಉಳಿದೆರಡು ಕೆಳಗೆ ಇದ್ದುದರಿಂದ ನನ್ನ ಹೋಲಿಕೆ ಪೂರ್ತಿ ನ್ಯಾಯವಾದದ್ದಲ್ಲ. ಒಂದೇ ಚಿಕ್ಕ ಕೋಶದಲ್ಲಿ ಉನ್ನತ ಅಂಕಿ ಬೇಕೆಂದರೆ ಇಂದಿಗೂ ಸ್ಪೈರೋವನ್ನೇ ಕೈಗೆತ್ತಿಕೊಳ್ಳುತ್ತೇನೆ. ತಿಂಗಳುಗಟ್ಟಲೆ ಕಾವಿನಲ್ಲಿಡುವ ಕೋಶಕ್ಕೆ ಸ್ಯಾಮ್ ಬಿಟ್ಟು ಬೇರೆ ಯೋಚಿಸುವುದಿಲ್ಲ.