ಬಿಲ್ಲು ಯಾರ ಹೆಸರಿಗೆ ಬರುತ್ತದೆ? ಜರ್ಮನಿಯಲ್ಲಿ ಮೂರು ವಿಮೆಗಳ ಜೊತೆ ಏಗಿದ ಕಥೆ

ಜುಲೈ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ. ದಾವಣಗೆರೆಯ ಕಾಲೇಜಿನ ಜೂನಿಯರ್‌ಗಳು, ಅವರ ಪರಿಚಯದವರು, ಒಮ್ಮೆಯಂತೂ ಪಕ್ಕದ ಮನೆ ಆಂಟಿಯ ತಂಗಿ ಮಗ: "ಅಣ್ಣಾ, ಜರ್ಮನಿಗೆ ಅಡ್ಮಿಷನ್ ಆಯ್ತು. ಇನ್ಶೂರೆನ್ಸ್ ಪಬ್ಲಿಕ್ ಮಾಡಿಸ್ಲಾ, ಪ್ರೈವೇಟ್ ಮಾಡಿಸ್ಲಾ? ಪ್ರೈವೇಟ್ ಅರ್ಧ ರೇಟಿಗೆ ಸಿಗುತ್ತಂತೆ."

ಅರ್ಧ ರೇಟಿಗೆ ಸಿಗುತ್ತದೆ, ಸುಳ್ಳಲ್ಲ. ಆದರೆ ಅದೇ ಅರ್ಧ ರೇಟಿನ ಬಾಲ ಹಿಡಿದು ಓಡಾಡಿದವರ ಪೈಕಿ ನಾನೂ ಒಬ್ಬ. 2022ರ ಏಪ್ರಿಲ್‌ನಲ್ಲಿ ಬಂದವನು ಮೊದಲ ಆರು ತಿಂಗಳು ಪ್ರವಾಸಿಗಳಿಗೆ ಕೊಡುವ ಅಗ್ಗದ ಪಾಲಿಸಿಯಲ್ಲಿದ್ದೆ. ಆಮೇಲೆ ಮಾಸ್ಟರ್ಸ್ ಮುಗಿಯುವವರೆಗೂ ಪಬ್ಲಿಕ್, ಅಂದರೆ ಸರ್ಕಾರಿ ನಿಯಮದಡಿ ನಡೆಯುವ ವಿಮೆ. ಮೂರನೆಯದು, ವಿದ್ಯಾರ್ಥಿಗಳ ಪ್ರೈವೇಟ್ ವಿಮೆ, ನನ್ನದಲ್ಲ, ನನ್ನ ರೂಮ್‌ಮೇಟ್‌ನದು. ಆದರೆ ಅವನ ಜರ್ಮನ್ ನನ್ನದಕ್ಕಿಂತ ಹಿಂದೆ ಇದ್ದದ್ದರಿಂದ ಅವನ ಪ್ರತಿ ಕಾಗದವನ್ನೂ ಓದಿದವನು, ಪ್ರತಿ ಫೋನ್ ಮಾಡಿದವನು ನಾನೇ.

ಮೊದಲು ಆ ಅಗ್ಗದ ಪಾಲಿಸಿ. ಲೈಪ್ಸಿಗ್‌ನಲ್ಲಿ ಭಾಷಾ ಕೋರ್ಸಿಗೆ ಸೇರಿದ್ದೆ. ಭಾಷಾ ಕೋರ್ಸಿನವರು, ಪದವಿಗೆ ಮುಂಚಿನ ತಯಾರಿ ಕೋರ್ಸಿನವರು ಇಲ್ಲಿನ ಕಾನೂನಿನ ಕಣ್ಣಿಗೆ ಇನ್ನೂ ವಿದ್ಯಾರ್ಥಿಗಳಲ್ಲ. ಆದ್ದರಿಂದ ಪಬ್ಲಿಕ್ ವಿಮೆಯ ವಿದ್ಯಾರ್ಥಿ ದರ ಸಿಗುವುದಿಲ್ಲ. ತಿಂಗಳಿಗೆ 33 ಯೂರೋ ಕೊಟ್ಟು ಆನ್‌ಲೈನ್‌ನಲ್ಲಿ ಹತ್ತು ನಿಮಿಷದಲ್ಲಿ ಪಾಲಿಸಿ ಮಾಡಿಸಿದೆ. ವೀಸಾಕ್ಕೆ ಅದೇ ಸಾಕಾಯಿತು. ಅಮ್ಮ ಕಟ್ಟಿಕೊಟ್ಟ ಡೋಲೋ, ಅಮೃತಾಂಜನದ ಡಬ್ಬಿ ಇರುವಾಗ ವಿಮೆಯ ಗೊಡವೆ ಯಾಕೆ ಎಂಬ ಧೈರ್ಯವೂ ಇತ್ತು.

ಜೂನ್‌ನಲ್ಲಿ ದವಡೆ ಹಲ್ಲಿನ ನೋವು ಎದ್ದಿತು. ರಾತ್ರಿಯೆಲ್ಲ ಉಪ್ಪುನೀರು ಮುಕ್ಕಳಿಸಿ ಬೆಳಗ್ಗೆ ದಂತವೈದ್ಯರ ಹತ್ತಿರ ಹೋದೆ. ಚಿಕಿತ್ಸೆಯ ಬಗ್ಗೆ ದೂರಿಲ್ಲ, ಚೊಕ್ಕ ಕೆಲಸ. ಎರಡು ವಾರದ ನಂತರ ಕಿಟಕಿ ಇರುವ ಲಕೋಟೆಯಲ್ಲಿ ಬಿಲ್ಲು ಬಂತು: 340 ಯೂರೋ, ನನ್ನ ಹೆಸರಿಗೆ. ಎಡಗಡೆ ನಾಲ್ಕಂಕಿಯ ಕೋಡುಗಳು, ನಡುವೆ ಉದ್ದುದ್ದ ಜರ್ಮನ್ ಶಬ್ದಗಳು, ಬಲಗಡೆ ಸಾಲು ಸಾಲಾಗಿ 2,3 ಎಂಬ ಅಂಕಿ. ಎರಡು ಸಾವಿರದ ಮುನ್ನೂರೋ ಏನೋ ಅಂತ ಎದೆ ಧಸಕ್ಕೆಂದಿತು. ಇಲ್ಲಿ ದಶಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ, ಅಂದರೆ 2.3. ಪ್ರೈವೇಟ್ ರೋಗಿಗಳಿಗೆ ಸರ್ಕಾರವೇ ನಿಗದಿ ಮಾಡಿದ ದರಪಟ್ಟಿ ಇದೆ, ವೈದ್ಯರು ಮೂಲ ದರದ 2.3 ಪಟ್ಟು ಹಾಕುವುದು ಮಾಮೂಲು, ಕಾರಣ ಬರೆದುಕೊಟ್ಟರೆ 3.5ರವರೆಗೂ ಏರಿಸಬಹುದು. ಇದೆಲ್ಲ ನನಗೆ ತಿಳಿದದ್ದು ಬಿಲ್ಲು ಬಂದ ಮೇಲೆ.

ವಿಮೆಯವರಿಗೆ ಕಳಿಸಿದೆ. ದುಡ್ಡಿನ ಬದಲು ಪ್ರಶ್ನಾವಳಿ ಬಂತು. ಈ ಹಲ್ಲಿನ ತೊಂದರೆ ಪಾಲಿಸಿ ಶುರುವಾಗುವ ಮೊದಲೇ ಇತ್ತೇ? ಹಿಂದಿನ ವೈದ್ಯರಿಂದ ಪತ್ರ ತನ್ನಿ. ಅಪ್ಪ ದಾವಣಗೆರೆಯಲ್ಲಿ ನಮ್ಮ ಹಳೆಯ ದಂತವೈದ್ಯರ ಕ್ಲಿನಿಕ್ಕಿಗೆ ಮೂರು ಸಲ ಅಲೆದು ಇಂಗ್ಲಿಷಿನಲ್ಲಿ ಪತ್ರ ಬರೆಸಿ ವಾಟ್ಸಾಪ್ ಮಾಡಿದರು. ಏಳು ವಾರ ಆದ ಮೇಲೆ ಬಂದದ್ದು 190 ಯೂರೋ. ನೋವು ಕಡಿಮೆ ಮಾಡುವ ಚಿಕಿತ್ಸೆ ಮಾತ್ರ ಪಾಲಿಸಿಯೊಳಗೆ, ಉಳಿದದ್ದು ಹೊರಗೆ. ನನ್ನ ಕೈಯಿಂದ ಹೋದ 150 ಯೂರೋವನ್ನು ರೂಪಾಯಿಗೆ ಬದಲಾಯಿಸಿ ಲೆಕ್ಕ ಹಾಕುವ ಚಟ ಆಗಿನ್ನೂ ಬಿಟ್ಟಿರಲಿಲ್ಲ. ಹನ್ನೆರಡು ಸಾವಿರ! ಆವತ್ತು ರಾತ್ರಿ ಪಾಲಿಸಿಯ ನಿಯಮಗಳನ್ನು ಮೊದಲ ಬಾರಿ ಪೂರ್ತಿ ಓದಿದೆ. ಹಳೆಯ ಕಾಯಿಲೆ ಇಲ್ಲ, ಮಾನಸಿಕ ಚಿಕಿತ್ಸೆ ಇಲ್ಲ, ಆರೋಗ್ಯ ತಪಾಸಣೆ ಇಲ್ಲ. ಇರುವುದೇನಪ್ಪಾ ಅಂದರೆ, ಬಸ್ ಗುದ್ದಿದರೆ ಉಂಟು.

ಹಾಗಂತ ಇದನ್ನು ಪೂರ್ತಿ ತೆಗೆದುಹಾಕುವಂತಿಲ್ಲ. ಪಬ್ಲಿಕ್ ವಿಮೆ ನೀವು ವಿಮಾನ ಇಳಿದ ದಿನದಿಂದ ಜಾರಿಗೆ ಬರುವುದಿಲ್ಲ, ಸೆಮಿಸ್ಟರ್ ಶುರುವಾದಾಗ ಬರುತ್ತದೆ. ಅಕ್ಟೋಬರ್ 1ಕ್ಕೆ ಸೆಮಿಸ್ಟರ್, ನೀವು ಸೆಪ್ಟೆಂಬರ್ 12ಕ್ಕೇ ಬಂದರೆ ನಡುವಿನ ದಿನಗಳಿಗೆ ಈ ಅಗ್ಗದ ಪಾಲಿಸಿಯೇ ಗತಿ. ಅಷ್ಟಕ್ಕೇ ಬಳಸಿ, ಸಾಕು.

ಅಕ್ಟೋಬರ್‌ನಲ್ಲಿ ಕೆಮ್ನಿಟ್ಸ್‌ಗೆ ಬಂದು ಮಾಸ್ಟರ್ಸ್‌ಗೆ ಸೇರಿದೆ. ವಿಮೆಯ ಸ್ಥಿತಿ ಖಾತ್ರಿಯಾಗದೆ ಇಲ್ಲಿ ಯಾವ ವಿಶ್ವವಿದ್ಯಾಲಯವೂ ಸೇರಿಸಿಕೊಳ್ಳುವುದಿಲ್ಲ. 2022ರ ಜನವರಿಯಿಂದ ಅದು ಕಾಗದದಲ್ಲೂ ಅಲ್ಲ, ಪಬ್ಲಿಕ್ ವಿಮಾ ಸಂಸ್ಥೆಯೇ ವಿಶ್ವವಿದ್ಯಾಲಯಕ್ಕೆ ಎಲೆಕ್ಟ್ರಾನಿಕ್ ಸಂದೇಶ ಕಳಿಸುತ್ತದೆ. ಎಂ10 ಅಂತ ಅದರ ಹೆಸರು. ಪ್ರೈವೇಟ್ ತೆಗೆದುಕೊಂಡವನೂ "ಇವನಿಗೆ ಪಬ್ಲಿಕ್ ವಿಮೆಯಿಂದ ವಿನಾಯಿತಿ ಇದೆ" ಎಂಬ ಎಂ10ಗಾಗಿ ಪಬ್ಲಿಕ್ ಸಂಸ್ಥೆಯ ಬಾಗಿಲಿಗೇ ಹೋಗಬೇಕು. ನನ್ನ ರೂಮ್‌ಮೇಟ್ ಹೋದದ್ದು ಹಾಗೆಯೇ.

ಅವನು ಹುಬ್ಬಳ್ಳಿಯವನು, ಲೆಕ್ಕದಲ್ಲಿ ಪಕ್ಕಾ. "ಲೇ, ನಿಂದು ತಿಂಗಳಾ ನೂರಿಪ್ಪತ್ತ ಯೂರೋ. ನಂದು ಅದರ ಅರ್ಧಾನೂ ಇಲ್ಲ. ಎರಡ ವರ್ಷಕ್ಕ ಎಷ್ಟಾತು ನೀನ ಲೆಕ್ಕಾ ಹಾಕು. ನಮಗೇನ ಆಗೂದೈತಿ, ಇಪ್ಪತ್ತೈದರ ಹುಡುಗರು?" ಅಂದ. ವೀಸಾಕ್ಕಾಗಿ ಮೊದಲೇ ದುಡ್ಡು ಕಟ್ಟಿಡುವ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ ಎಣಿಸಿ ಕೊಡುವ ದುಡ್ಡಿನಲ್ಲಿ ಬದುಕುವಾಗ ಆ ಮಾತು ತಪ್ಪು ಅನ್ನಿಸುವುದಿಲ್ಲ. ಈಗಂತೂ ಪಬ್ಲಿಕ್ ದರ ಇನ್ನೂ ಏರಿದೆ. ಮಕ್ಕಳಿಲ್ಲದ 23 ದಾಟಿದ ವಿದ್ಯಾರ್ಥಿಗೆ 2025ರಲ್ಲಿ ತಿಂಗಳಿಗೆ 145 ಯೂರೋ ಆಸುಪಾಸು ಇತ್ತು. ಟೆಕ್ನೀಕರ್, ಎಓಕೆ, ಬಾರ್ಮರ್, ಡಾಕ್ ಅಂತ ಪಬ್ಲಿಕ್ ಸಂಸ್ಥೆಗಳು ಹಲವು, ಆದರೆ ಸೌಲಭ್ಯದ ಬಹುಪಾಲು ಕಾನೂನಿನಲ್ಲೇ ನಿಗದಿಯಾಗಿರುವುದರಿಂದ ಅವುಗಳ ನಡುವೆ ತಲೆ ಕೆಡಿಸಿಕೊಳ್ಳುವಂಥದ್ದು ಹೆಚ್ಚಿಲ್ಲ. ಇಂಗ್ಲಿಷಿನಲ್ಲಿ ಉತ್ತರ ಕೊಡುವವರನ್ನು ಹಿಡಿಯಿರಿ.

ನಾನು ಪಬ್ಲಿಕ್‌ಗೆ ಹೋದದ್ದಕ್ಕೆ ಕಾರಣ ಜಾಣತನವಲ್ಲ. ಹಲ್ಲಿನ ಬಿಲ್ಲು ಒಂದು, ಅಪ್ಪ ಇನ್ನೊಂದು. ಅಪ್ಪ ಹರಿಹರದಲ್ಲಿ ಕಾರ್ಖಾನೆ ಕೆಲಸದಲ್ಲಿದ್ದವರು. "ಅದು ನಮ್ಮ ಇಎಸ್‌ಐ ಥರ ಕಣೋ. ನಿನಗೆ ಏನು ಕಾಯಿಲೆ ಇದೆ ಅಂತ ಕೇಳಿ ದುಡ್ಡು ಕಟ್ಟಿಸ್ಕೊಳಲ್ಲ" ಅಂದರು. ಸರಿಯಾಗೇ ಹೇಳಿದ್ದರು. 1883ರಲ್ಲಿ ಬಿಸ್ಮಾರ್ಕ್ ಕಾಲದಲ್ಲಿ ಕಾರ್ಮಿಕರಿಗಾಗಿ ಶುರುವಾದ ವ್ಯವಸ್ಥೆ ಇದು, ರೋಗ ನೋಡಿ ದರ ಹಾಕುವ ಪದ್ಧತಿ ಇದರಲ್ಲಿಲ್ಲ. ನೌಕರರಿಗೆ ಸಂಬಳದ ಮೇಲೆ ಲೆಕ್ಕ, ವಿದ್ಯಾರ್ಥಿಗಳಿಗೆ ಕಾನೂನು ಹಾಕಿದ ಒಂದು ದರ.

ಪ್ರಶ್ನೆ ಕೇಳದೇ ಇರುವುದರ ಬೆಲೆ ಗೊತ್ತಾದದ್ದು 2023ರ ಫೆಬ್ರವರಿಯಲ್ಲಿ. ರಾತ್ರಿ ಎರಡು ಗಂಟೆಗೆ ಬಲ ಸೊಂಟದಿಂದ ಹೊಟ್ಟೆಗೆ ಹಿಂಡಿದಂಥ ನೋವು. ಏನೆಂದು ನನಗೆ ತಕ್ಷಣ ಗೊತ್ತಾಯಿತು, ಇಂಜಿನಿಯರಿಂಗ್ ಓದುವಾಗ 2019ರಲ್ಲಿ ಒಮ್ಮೆ ಆಗಿತ್ತು. ಕಿಡ್ನಿ ಕಲ್ಲು. ರೂಮ್‌ಮೇಟ್ ಗಾಬರಿಯಾಗಿ 112ಕ್ಕೆ ಫೋನ್ ಮಾಡಿದ. (ಪ್ರಾಣಾಪಾಯ ಇಲ್ಲದಿದ್ದರೆ 116117, ರಾತ್ರಿಪಾಳಿಯ ವೈದ್ಯರದ್ದು. ಆದರೆ ನೆಲದ ಮೇಲೆ ಉರುಳಾಡುವವನ ಪಕ್ಕ ನಿಂತು ಯಾರು ನಂಬರ್ ಹುಡುಕುತ್ತಾರೆ?) ಆಂಬ್ಯುಲೆನ್ಸ್‌ನಲ್ಲಿ ಕೇಳಿದ್ದು ಮೂರೇ: ಹೆಸರು, ಎಲ್ಲಿ ನೋವು, ವಿಮೆಯ ಕಾರ್ಡ್ ಇದೆಯಾ. ಆಸ್ಪತ್ರೆಯಲ್ಲಿ ಕಾರ್ಡನ್ನು ಪುಟ್ಟ ಯಂತ್ರಕ್ಕೆ ತುರುಕಿದರು, ಒಂದೆರಡು ಸಹಿ ಹಾಕಿಸಿದರು. ಡಿಪಾಸಿಟ್ ಕಟ್ಟಿ ಅಂತ ಯಾರೂ ಅನ್ನಲಿಲ್ಲ. ನಮ್ಮೂರ ನರ್ಸಿಂಗ್ ಹೋಮಿನ ಕೌಂಟರ್ ನೋಡಿ ಬೆಳೆದ ನನಗೆ ಅದೇ ದೊಡ್ಡ ಅನುಮಾನ. ಸ್ಕ್ಯಾನ್ ಆಯಿತು, ಮೂತ್ರನಾಳಕ್ಕೆ ಸ್ಟೆಂಟ್ ಅಂತ ಪುಟ್ಟ ಕೊಳವೆ ಹಾಕಿದರು, ಮೂರು ರಾತ್ರಿ ಮಲಗಿದ್ದೆ.

ಮನೆಗೆ ಬಂದ ಮೇಲೆ ಎರಡು ಲಕೋಟೆ. ಒಂದು ಆಸ್ಪತ್ರೆಯದು: ದಿನಕ್ಕೆ 10 ಯೂರೋ, ಸೇರಿದ ದಿನ ಬಿಟ್ಟ ದಿನ ಎರಡನ್ನೂ ಹಿಡಿದು ನಾಲ್ಕು ದಿನಕ್ಕೆ 40. ಇನ್ನೊಂದು ಆಂಬ್ಯುಲೆನ್ಸಿನದು: 10. ಒಟ್ಟು 50 ಯೂರೋ. ನಿಜವಾದ ಖರ್ಚು ಎಷ್ಟಾಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಆ ಬಿಲ್ಲು ನನ್ನ ಹೆಸರಿಗೆ ಬರಲೇ ಇಲ್ಲ. 2019ರ ಕಲ್ಲಿನ ಬಗ್ಗೆ ವೈದ್ಯರು ಕೇಳಿದರು, ಚಿಕಿತ್ಸೆಗಾಗಿ. ವಿಮೆಯವರು ಕೇಳಲಿಲ್ಲ. ಇದೇ ನೋವು ಲೈಪ್ಸಿಗ್‌ನಲ್ಲಿ ಬಂದಿದ್ದರೆ ಅಪ್ಪ ಯಾವ ಪತ್ರ ತಂದರೂ ನಡೆಯುತ್ತಿರಲಿಲ್ಲ, ಹಳೆಯ ಕಾಯಿಲೆ ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದರು.

ಪಬ್ಲಿಕ್ ಅಂದರೆ ಸ್ವರ್ಗ ಅಂದುಕೊಳ್ಳಬೇಡಿ. ಕನ್ನಡಕ ನಿಮ್ಮ ದುಡ್ಡಿನಲ್ಲೇ. ಚೀಟಿಯ ಪ್ರತಿ ಔಷಧಿಗೆ ಸಾಮಾನ್ಯವಾಗಿ 5ರಿಂದ 10 ಯೂರೋ ನಮ್ಮ ಪಾಲು. ಮನೆ ಹತ್ತಿರದ ಫ್ಯಾಮಿಲಿ ಡಾಕ್ಟರ್ ಬುಧವಾರ ಮಧ್ಯಾಹ್ನದ ಮೇಲೆ ಬಾಗಿಲು ಹಾಕುತ್ತಾರೆ. ಜ್ವರ ಅಂತ ಹೋದರೆ ಟೀ ಕುಡಿ, ಮಲಗು ಅಂತ ಕಳಿಸುತ್ತಾರೆ. ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೇಳಿದರೆ ಔಷಧಿ ಅಂಗಡಿಯವರು ನೋಡುವ ನೋಟ ನೋಡಿಯೇ ಜ್ವರ ಇಳಿಯುತ್ತದೆ. ಇದೇ ಕಾರ್ಡ್ ಯುರೋಪಿನ ಬೇರೆ ದೇಶಗಳಲ್ಲೂ ನಡೆಯುತ್ತದೆ ಎಂಬುದು ನಿಜ, ಆದರೆ ಭಾರತದ ಪಾಸ್‌ಪೋರ್ಟ್ ಇರುವ ನಮಗೆ ಸ್ವಿಟ್ಜರ್ಲೆಂಡ್, ಡೆನ್ಮಾರ್ಕ್, ನಾರ್ವೆಗಳಲ್ಲಿ ಅಲ್ಲ. ಆಲ್ಪ್ಸ್ ನೋಡಲು ಹೊರಟವರು, ರಜೆಗೆ ಊರಿಗೆ ಹೊರಟವರು ಬೇರೆ ಪ್ರವಾಸ ವಿಮೆ ಮಾಡಿಸಬೇಕು.

ಎಲ್ಲಕ್ಕಿಂತ ಕಿರಿಕಿರಿ ಅಂದರೆ ತಜ್ಞ ವೈದ್ಯರ ಅಪಾಯಿಂಟ್‌ಮೆಂಟ್. ಆ ವರ್ಷ ಬೇಸಿಗೆಯಲ್ಲಿ ನನಗೂ ರೂಮ್‌ಮೇಟ್‌ಗೂ ಒಂದೇ ಥರದ ಚರ್ಮದ ತುರಿಕೆ, ಹಾಸ್ಟೆಲ್ ಹಾಸಿಗೆಯ ಕೃಪೆ ಇರಬೇಕು. ಒಂದೇ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಹೆಸರಿಗೂ ಮೊದಲು ಆಕೆ ಕೇಳಿದ್ದು: "ಗೆಸೆಟ್ಸ್‌ಲಿಶ್ ಓಡರ್ ಪ್ರಿವಾಟ್?" ಸರ್ಕಾರಿ ನಿಯಮದ ವಿಮೆಯೋ, ಪ್ರೈವೇಟೋ? ನನಗೆ ಸಿಕ್ಕಿದ್ದು ಮೂರು ತಿಂಗಳ ನಂತರದ ದಿನ. ಐದು ನಿಮಿಷ ಬಿಟ್ಟು ಅವನ ಹೆಸರಿನಲ್ಲಿ ಮಾಡಿದೆ, ಮುಂದಿನ ಮಂಗಳವಾರ ಸಿಕ್ಕಿತು. ಅವನು ತುರಿಸಿಕೊಳ್ಳುತ್ತಲೇ ಕುಣಿದ. ನಾನು ಫ್ಯಾಮಿಲಿ ಡಾಕ್ಟರ್ ಹತ್ತಿರ ತುರ್ತು ಅಂತ ಕೋಡ್ ಹಾಕಿಸಿದ ಶಿಫಾರಸು ಚೀಟಿ ತಂದು 116117ರ ಮೂಲಕ ಬೇರೆ ಕ್ಲಿನಿಕ್ಕಿನಲ್ಲಿ ಮೂರು ವಾರದೊಳಗೆ ದಿನ ಹಿಡಿದೆ. ಈ ದಾರಿ ಗೊತ್ತಿರಲಿ, ತುಂಬಾ ಜನಕ್ಕೆ ಗೊತ್ತಿಲ್ಲ.

ಮಂಗಳವಾರದ ಸಂಭ್ರಮದ ಬಿಲ್ಲು ಬಂದದ್ದು ಅವನ ಹೆಸರಿಗೆ. ಮೊದಲು ಅವನೇ ಕಟ್ಟಬೇಕು, ಆಮೇಲೆ ವಿಮೆಯವರು ಕೊಡುತ್ತಾರೆ. ಕೊಟ್ಟರು, ಬಹುತೇಕ ಪೂರ್ತಿ. ಅವನ ಪಾಲಿಸಿ ನನ್ನ ಲೈಪ್ಸಿಗ್ ಪಾಲಿಸಿಗಿಂತ ಎಷ್ಟೋ ಮೇಲು, ಅದನ್ನು ಒಪ್ಪಲೇಬೇಕು. ಅವನು ಸಿಕ್ಕಿಹಾಕಿಕೊಂಡದ್ದು ಬೇರೆ ಕಡೆ. ಮರು ವರ್ಷ ಮದುವೆಯಾಗಿ ಹೆಂಡತಿ ಬಂದಳು. ನನ್ನಂತೆ ಪಬ್ಲಿಕ್‌ನಲ್ಲಿದ್ದಿದ್ದರೆ, ಆದಾಯವಿಲ್ಲದ ಹೆಂಡತಿ ಅದೇ ವಿಮೆಯಲ್ಲಿ ಒಂದು ಪೈಸೆ ಹೆಚ್ಚಿಲ್ಲದೆ ಸೇರುತ್ತಿದ್ದಳು. ಅವನು ಅವಳಿಗೆ ಬೇರೆಯೇ ಪಾಲಿಸಿ ಮಾಡಿಸಬೇಕಾಯಿತು, ಅದರಲ್ಲಿ ಹೆರಿಗೆಗೆ 8 ತಿಂಗಳು ಕಾಯುವ ಅವಧಿ. "ಈಗ ಪಬ್ಲಿಕ್‌ಗೆ ಹೋಗೂಣಲೇ, ಫಾರ್ಮ್ ತುಂಬು" ಅಂದ. ಆಗ ಅವನ ಹಳೆಯ ವಿನಾಯಿತಿ ಪತ್ರ ತೆಗೆದು ಓದಿದೆವು.

ಜೂನಿಯರ್‌ಗಳಿಗೆ ನಾನು ಎರಡು ಸಲ ಓದಿ ಹೇಳುವುದು ಇದನ್ನೇ. ದಾಖಲಾತಿಯಾದ ಮೂರು ತಿಂಗಳೊಳಗೆ ಪಬ್ಲಿಕ್ ಬೇಡ ಅಂತ ವಿನಾಯಿತಿ ತೆಗೆದುಕೊಳ್ಳಬಹುದು. ತೆಗೆದುಕೊಂಡರೆ ಆ ಓದು ಮುಗಿಯುವವರೆಗೆ ವಾಪಸ್ ಬರುವಂತಿಲ್ಲ. ಹೆಂಡತಿ ಬಂದರೂ, ಕಲ್ಲು ಬಂದರೂ. ಏಜೆಂಟರು ಕಳಿಸುವ ಪ್ಯಾಕೇಜಿನಲ್ಲಿ ಅರ್ಧ ರೇಟು ದಪ್ಪ ಅಕ್ಷರದಲ್ಲಿರುತ್ತದೆ, ಈ ಸಾಲು ಇರುವುದಿಲ್ಲ.

ಒಂದೇ ಒಂದು ಗುಂಪಿಗೆ ನನ್ನ ಉತ್ತರ ಬೇರೆ: 30 ದಾಟಿದವರು. ಅವರಿಗೆ ಪಬ್ಲಿಕ್‌ನ ವಿದ್ಯಾರ್ಥಿ ದರ ಇಲ್ಲ. ಹತ್ತು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ ಓದಲು ಬರುವವರಿಗೆ ರೂಮ್‌ಮೇಟ್‌ನ ದಾರಿಯೇ ದಾರಿ. ಆಗಲೂ ಅಗ್ಗದ ಪ್ರವಾಸಿ ಪಾಲಿಸಿ ಬೇಡ, ಹಳೆಯ ಕಾಯಿಲೆ, ಹಲ್ಲು, ಹೆರಿಗೆ ಈ ಮೂರು ಕಡೆ ಏನು ಬರೆದಿದೆ ಅಂತ ಓದಿಯೇ ಸಹಿ ಹಾಕಿ.

ರೂಮ್‌ಮೇಟ್‌ಗೆ ಓದು ಮುಗಿದು ಕೆಲಸ ಸಿಕ್ಕಿತು. ಸಾಮಾನ್ಯ ಸಂಬಳದ ನೌಕರಿ ಅಂದರೆ ಪಬ್ಲಿಕ್ ವಿಮೆ ತಾನಾಗಿ ಕಡ್ಡಾಯ, ಹಾಗಾಗಿ ಬಾಗಿಲು ಮತ್ತೆ ತೆರೆಯಿತು, ಹೆಂಡತಿಯೂ ಒಳಗೆ ಬಂದಳು. ಹೊಸ ಕಾರ್ಡಿನ ಫೋಟೋ ಕಳಿಸಿದ್ದ. ಮೊನ್ನೆ ಫೋನ್ ಮಾಡಿ, ಆ ಹಳೆಯ ತುರಿಕೆ ಮತ್ತೆ ಬಂದಿದೆ, ಕ್ಲಿನಿಕ್ಕಿಗೆ ತಾನೇ ಜರ್ಮನ್‌ನಲ್ಲಿ ಮಾತಾಡಿದೆ ಅಂದ. ದಿನ ಯಾವಾಗ ಕೊಟ್ಟರು ಅಂತ ಕೇಳಿದೆ.

"ಮೂರ ತಿಂಗಳ ಬಿಟ್ಟು, ಲೇ. ಆ ಕೋಡಿಂದು ಏನೋ ಹೇಳಿದ್ದೆಲ್ಲಾ, ಇನ್ನೊಮ್ಮೆ ಹೇಳು."