ಇಲ್ಲದ ತೀರ್ಪಿನ ಕೆಳಗೆ ನಿಮ್ಮ ಸಹಿ ಬೀಳದಿರಲಿ

ಸಕಲೇಶಪುರದ ಬಳಿಯ ಪಿತ್ರಾರ್ಜಿತ ಕಾಫಿ ತೋಟದಲ್ಲಿ ಪಾಲು ಕೇಳಿ ನಮ್ಮ ಚಿಕ್ಕಮ್ಮ ವಿಭಾಗ ದಾವೆ ಹೂಡಿದ್ದಾರೆ. ದಾವೆ ಮುಗಿಯುವವರೆಗೆ ತೋಟ ಪರಭಾರೆಯಾಗದಂತೆ ತಡೆಯಾಜ್ಞೆ ಕೋರುವ ಅರ್ಜಿಯನ್ನೂ ಅದರ ಪ್ರಮಾಣಪತ್ರವನ್ನೂ (ಅಫಿಡವಿಟ್) ಹಾಸನದ ವಕೀಲರ ಕಚೇರಿಯೊಂದು ನಮಗೆ ತಿಳಿಸದೆಯೇ ಎಐ ಆ್ಯಪ್‌ನಿಂದ ಬರೆಸಿ ಸಲ್ಲಿಸಿತು. ಭಾಷೆ ಅಚ್ಚುಕಟ್ಟಾಗಿತ್ತು. ಆದರೆ ಅದರಲ್ಲಿ ಉಲ್ಲೇಖಿಸಿದ್ದ ತೀರ್ಪುಗಳ ಪ್ರತಿಯನ್ನು ಎದುರು ಪಕ್ಷದ ವಕೀಲರು ಕೇಳಿದಾಗ ಕೊಡಲು ಏನೂ ಇರಲಿಲ್ಲ. ಒಂದಕ್ಕೆ ಕೊಟ್ಟಿದ್ದ ಐಎಲ್‌ಆರ್ (ತೀರ್ಪುಗಳನ್ನು ಪ್ರಕಟಿಸುವ ವರದಿ ಸಂಪುಟ) ಪುಟ ತೆರೆದರೆ ಅಲ್ಲಿದ್ದದ್ದು ಬಾಡಿಗೆ ಮನೆ ಖಾಲಿ ಮಾಡಿಸುವ ಪ್ರಕರಣ, ಉಳಿದವು ಎಲ್ಲಿಯೂ ಸಿಗಲಿಲ್ಲ. ತಲೆ ತಗ್ಗಿಸಿ ನಿಲ್ಲಬೇಕಾದವರು ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದ ಚಿಕ್ಕಮ್ಮ.

ಇನ್ನೂ ಬೇಸರದ ಸಂಗತಿಯೆಂದರೆ, ಅವರಿಗೆ ಬೇಕಿದ್ದ ನಿಜವಾದ ತೀರ್ಪೇ ಇತ್ತು. ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಲೇಬೇಕೆಂದಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅವರ ತಂದೆಯಾದ ನಮ್ಮ ಅಜ್ಜ ಆ 2005ರ ದಿನಾಂಕಕ್ಕೂ ಮೊದಲೇ ತೀರಿಕೊಂಡಿದ್ದರಿಂದ ಇಡೀ ವಾದ ನಿಲ್ಲಬೇಕಾದದ್ದೇ ಇದರ ಮೇಲೆ. ಅರ್ಜಿಯಲ್ಲಿ ಇದರ ಸುಳಿವೇ ಇರಲಿಲ್ಲ.

ಇಂತಹ ಆ್ಯಪ್ ಒಂದು ಪದದ ನಂತರ ಬರಬಹುದಾದ ಪದವನ್ನು ಊಹಿಸಿ ಜೋಡಿಸುತ್ತದೆಯೇ ಹೊರತು, ತೀರ್ಪಿನ ಪುಸ್ತಕ ತೆರೆದು ನೋಡಿಯೇ ಬರೆಯುತ್ತದೆ ಎಂಬ ಖಾತರಿಯಿಲ್ಲ. 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ ಎಐ ಹುಟ್ಟುಹಾಕಿದ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ಕಾರಣಕ್ಕೆ ವಕೀಲರಿಗೆ 5,000 ಡಾಲರ್ ದಂಡ ವಿಧಿಸಿತ್ತು. ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ಹೊರಡಿಸಿದ ನೀತಿ, ತೀರ್ಮಾನಕ್ಕೆ ಬರಲು ಎಐ ಬಳಸಬಾರದೆಂದು ಅಲ್ಲಿನ ಜಿಲ್ಲಾ ನ್ಯಾಯಾಂಗವನ್ನು ನಿರ್ಬಂಧಿಸುತ್ತದೆ. ಕೇಂದ್ರ ಸರ್ಕಾರ ಅದೇ ವರ್ಷದ ನವೆಂಬರ್‌ನಲ್ಲಿ ಪ್ರಕಟಿಸಿದ ಎಐ ಮಾರ್ಗಸೂಚಿ ಕಾನೂನಲ್ಲ, ಆದ್ದರಿಂದ ಕಕ್ಷಿದಾರರು ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ.

ಸಹಿ ಹಾಕುವ ಮುನ್ನ ಪ್ರತಿ ತೀರ್ಪಿನ ಮೊದಲ ಪುಟದ ಮುದ್ರಿತ ಪ್ರತಿ ಕೇಳಿ. ಸುಪ್ರೀಂ ಕೋರ್ಟಿನ ವರದಿಯಾದ ತೀರ್ಪುಗಳು ಇ-ಎಸ್‌ಸಿಆರ್ ಜಾಲತಾಣದಲ್ಲಿ ಉಚಿತವಾಗಿಯೇ ಸಿಗುತ್ತವೆ. ಕರಡು ಬರೆಯಲು ಎಐ ಬಳಸಿದ್ದಾರೆಯೇ, ನಿಮ್ಮ ವಂಶವೃಕ್ಷ, ಪಹಣಿ, ಆಧಾರ್ ವಿವರಗಳನ್ನು ಅದಕ್ಕೆ ಉಣಿಸಿದ್ದಾರೆಯೇ ಎಂದು ನೇರವಾಗಿ ವಿಚಾರಿಸಿ. (ನಮ್ಮ ವಂಶವೃಕ್ಷ ಹಾಗೆ ಹೋಗಿದೆ, ಹಿಂಪಡೆಯುವ ದಾರಿ ಆ ಕಚೇರಿಗೂ ತಿಳಿಯದು.) ಉತ್ತರ ಹಾರಿಕೆಯದಾದರೆ ಕಡತ ವಾಪಸು ಪಡೆಯಿರಿ. ಸುಳ್ಳು ಉಲ್ಲೇಖ ಆಗಲೇ ಸಲ್ಲಿಕೆಯಾಗಿದ್ದರೆ, 1961ರ ವಕೀಲರ ಕಾಯ್ದೆಯ 35ನೇ ಕಲಮಿನ ಅಡಿ ವೃತ್ತಿ ದುರ್ನಡತೆಯ ದೂರನ್ನು ರಾಜ್ಯ ವಕೀಲರ ಪರಿಷತ್ತಿಗೆ ಕೊಡಬಹುದು, ನಾವು ಕೊಟ್ಟಿದ್ದೇವೆ.