ಸೂರಿಗೆ ಹೊಸ ದೋಣಿ ಕಟ್ಟಿಸುವ ಮೊದಲು ಹಿಂದಿನ ಹಲಗೆ ಚುಚ್ಚಿ ನೋಡಿ

ಹೆಂಚಿನ ಮನೆಗೆ, ಸೂರಿನಿಂದ ಇಳಿಯುವ ಮಳೆನೀರು ಹಿಡಿಯುವ ಹೊಸ ತಗಡಿನ ದೋಣಿ ಹಾಕಿಸುವ ಯೋಚನೆ ಇದ್ದರೆ, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿಬಿಡಿ.

ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಮನೆ. ದೋಣಿ ಸೋರಿ ಸೋರಿ ಅದರ ಹಿಂದಿನ ಸೂರಂಚಿನ ಹಲಗೆ ಕುಂಬಾಗಿತ್ತು, ಅಂದರೆ ಕೊಳೆತು ಮೆತ್ತಗಾಗಿತ್ತು. ಮೊದಲು ಹಲಗೆ ಬದಲಾಯಿಸಿ, ಆಮೇಲೆ ದೋಣಿ ಕಟ್ಟಿ ಅಂತ ಶಿವಮೊಗ್ಗದಿಂದ ಬಂದ ಗುತ್ತಿಗೆದಾರನಿಗೆ ಬಾಯಿಬಿಟ್ಟು ಹೇಳಿದ್ದೆವು. ಅವನೂ ಚೀಟಿಯಲ್ಲಿ ‘ಹಲಗೆ ರಿಪೇರಿ’ ಅಂತ ಬರೆದುಕೊಟ್ಟ. ರಿಪೇರಿ ಅಂದರೆ ಅವನ ಲೆಕ್ಕದಲ್ಲಿ ಕುಂಬು ಕೆರೆದು, ತೂತಿಗೆ ಪುಟ್ಟಿ ಮೆತ್ತಿ, ಮೇಲೆ ಕಂದು ಆಯಿಲ್ ಪೇಂಟ್ ಬಳಿಯುವುದು. ಅದೇ ಹಲಗೆಗೆ ಹೊಸ ಕ್ಲಾಂಪ್ ಬಿಗಿದು, ತಗಡಿನ ಜೋಡಣೆಗೆ ಸಿಲಿಕೋನ್ ಹಚ್ಚಿ, ದುಡ್ಡು ಎಣಿಸಿಕೊಂಡು ಹೋದ. ಅಂಗಳದಿಂದ ನೋಡಿದರೆ ಎಲ್ಲಾ ಹೊಸದು.

ಆರಿದ್ರಾ ಮಳೆ ಹೇಗೋ ಕಳೆಯಿತು. ಪುನರ್ವಸುವಿನಲ್ಲಿ ಒಂದು ರಾತ್ರಿ ನೀರು ತುಂಬಿದ ದೋಣಿ ಹಲಗೆ ಸಮೇತ ಕೆಳಗೆ ಬಿತ್ತು. ಜೊತೆಗೆ ಕೊನೆ ಸಾಲಿನ ಹೆಂಚೂ ಹೋದವು. ಜಗಲಿಯಲ್ಲಿ ಯಾರೂ ಇರಲಿಲ್ಲ, ಪುಣ್ಯ. ಬೆಳಿಗ್ಗೆ ನೋಡಿದರೆ ಒಂದು ಸ್ಕ್ರೂ ಕೂಡ ಸಡಿಲ ಆಗಿರಲಿಲ್ಲ. ಸ್ಕ್ರೂವಿನ ಎಳೆಗಳ ಸುತ್ತ ಮರ ನೆನೆಸಿದ ಅವಲಕ್ಕಿ ಹಾಗೆ ಅಂಟಿಕೊಂಡೇ ಬಂದಿತ್ತು. ಊರಿನ ಬಡಗಿ ಆಚಾರ್ರು ಒಂದು ತುಂಡು ಎತ್ತಿ ಕೈಯಲ್ಲೇ ಮುರಿದು, “ಗೌಡ್ರೇ, ಇದ್ರಲ್ಲಿ ಗಟ್ಟಿ ಇರೋದು ಬಣ್ಣ ಒಂದೇ” ಅಂದರು.

ಫೋನ್ ಮಾಡಿದರೆ ಗುತ್ತಿಗೆದಾರನ ಉತ್ತರ: “ಈ ಸಲ ಮಳೆ ಜಾಸ್ತಿ ಆಯ್ತಲ್ಲ ಸಾರ್.” ಆಗುಂಬೆ ಇರುವ ತಾಲ್ಲೂಕು ಇದು, ಅಲ್ಲಿ ವರ್ಷದ ಸರಾಸರಿಯೇ 7000 ಮಿ.ಮೀ. ದಾಟುತ್ತದೆ. ಇಲ್ಲಿ ಬಂದು ಮಳೆ ಜಾಸ್ತಿ ಅನ್ನುವವನಿಗೆ ಏನು ಹೇಳೋಣ?

ಆಮೇಲೆ ಆಚಾರ್ರು ಹೆಂಚು ಸರಿಸಿ ತೋರಿಸಿದಾಗ ನಿಜವಾದ ಕಾರಣ ಕಂಡಿತು. ಕೊನೆ ಸಾಲಿನ ಹೆಂಚು ದೋಣಿಯ ಒಳಗೆ ಚಾಚಿಕೊಂಡಿರಲೇ ಇಲ್ಲ. ಹೆಂಚಿನ ತುದಿಗೆ ಬಂದ ನೀರು ಅಡಿಭಾಗ ಹಿಡಿದು ಹಿಂದಕ್ಕೆ ಹರಿದು ನೇರ ಹಲಗೆಗೇ ಇಳಿಯುತ್ತಿತ್ತು. ಅದು ಸಾಲದ್ದಕ್ಕೆ ದೋಣಿಯ ಮುಂದಿನ ಅಂಚು ಹಿಂದಿನದಕ್ಕಿಂತ ಎತ್ತರ. ದರಕು (ಉದುರಿದ ಒಣ ಎಲೆ) ಕಟ್ಟಿ ನೀರು ನಿಂತರೆ ಅಂಗಳಕ್ಕೆ ಚೆಲ್ಲುವುದಿಲ್ಲ, ಗೋಡೆ ಕಡೆಗೇ ಉಕ್ಕುತ್ತದೆ. ಜೋಡಣೆಗೆ ಎಷ್ಟು ಸಿಲಿಕೋನ್ ಮೆತ್ತಿದರೂ ಈ ನೀರು ನಿಲ್ಲುವುದಿಲ್ಲ. ಮರದಲ್ಲಿ ತೇವ ಶೇಕಡ 20ರ ಮೇಲೆ ಬಹಳ ದಿನ ನಿಂತರೆ ಬೂಸಲು ಹಿಡಿದು ಕುಂಬಾಗಲು ಶುರು. ಹಸಿ ಮರಕ್ಕೆ ಪೇಂಟ್ ಹೊಡೆದರೆ ಒಳಗಿನ ತೇವ ಆರಲು ದಾರಿಯೇ ಇರುವುದಿಲ್ಲ. ಆರಿಂಚು ಅಗಲ, ನಾಲ್ಕಿಂಚು ಆಳದ ದೋಣಿ ಹತ್ತಡಿ ಉದ್ದ ತುಂಬಿ ನಿಂತರೆ ನೀರಿನ ಭಾರವೇ 45 ಕೆ.ಜಿ. ಮೇಲೆ. ಅದನ್ನು ಪುಟ್ಟಿ ಹೊರುತ್ತದೆಯೇ?

ಹಲಗೆಗಿಂತ ದೊಡ್ಡ ಖರ್ಚು ಪಕಾಸಿನದು, ಅಂದರೆ ಹೆಂಚು ಹೊರುವ ಇಳಿಜಾರು ಮರದ್ದು. ನಾಲ್ಕಾರು ಪಕಾಸಿನ ತುದಿ ಕುಂಬಾಗಿ, ಒಂದೆರಡಕ್ಕೆ ಒರಲೆಯೂ (ಗೆದ್ದಲು) ಹತ್ತಿತ್ತು. ಗಟ್ಟಿ ಮರ ಸಿಗುವ ತನಕ ಕೊಯ್ದು, ಪಕ್ಕದಲ್ಲಿ ಜೋಡಿ ಪಕಾಸು ಕೊಟ್ಟು ಬೋಲ್ಟ್ ಹಾಕಬೇಕಾಯಿತು. ಹೊಸ ಹಲಗೆಗೆ ಕೆಚ್ಚು (ಮರದ ಒಳಗಿನ ಗಟ್ಟಿ ಭಾಗ) ಇರುವ ಮರವನ್ನೇ ಆರಿಸಿ, ಕಟ್ಟುವ ಮೊದಲೇ ಹಿಂದು ಮುಂದು, ಕೊಯ್ದ ತುದಿಗಳಿಗೆಲ್ಲ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಿದರು. ತುದಿಗೆ ಹಚ್ಚದಿದ್ದರೆ ಉಳಿದದ್ದು ದಂಡ, ನೀರು ಮೊದಲು ಕುಡಿಯುವುದೇ ಅಲ್ಲಿ. ಹೆಂಚಿನ ಅಡಿಯಿಂದ ದೋಣಿಯ ಒಳಕ್ಕೆ ಒಂದು ತಗಡಿನ ಪಟ್ಟಿ ಮಡಚಿ ಇಳಿಸಿದರು. ಈಗ ನೀರು ಹಲಗೆ ಮುಟ್ಟುವುದಿಲ್ಲ.

ನಿಮ್ಮ ಮನೆಗೆ ಯಾರಾದರೂ ನೆಲದ ಮೇಲೆ ನಿಂತೇ ರೇಟ್ ಹೇಳಿದರೆ ಕಳಿಸಿಬಿಡಿ. ಏಣಿ ಹತ್ತಬೇಕು, ಕೊನೆಯ ಎರಡು ಸಾಲು ಹೆಂಚು ತೆಗೆಯಬೇಕು, ಹಲಗೆಗೂ ಪಕಾಸಿನ ತುದಿಗೂ ಸ್ಕ್ರೂಡ್ರೈವರ್ ಚುಚ್ಚಿ ನೋಡಬೇಕು. ಸಲೀಸಾಗಿ ಒಳಗೆ ಹೋದರೆ ಆ ಮರ ಮುಗಿಯಿತು. ಚೀಟಿಯಲ್ಲಿ ‘ರಿಪೇರಿ’ ಬೇಡ, ‘ಹಳೇ ಹಲಗೆ ಕಿತ್ತು ಹೊಸದು’ ಅಂತ ಬರೆಸಿ. ಕಿತ್ತ ಹಲಗೆ ಅಂಗಳಕ್ಕೆ ಬಿದ್ದ ಮೇಲೆ ಎರಡನೇ ಕಂತು ಕೊಡಿ. ಈ ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಒಳ್ಳೆಯದು, ಮರ ಒಣಗಿರುತ್ತದೆ. ಮೇ ಕೊನೆಗೆ ಬಂದವನು ಮೋಡ ನೋಡಿಕೊಂಡೇ ಕೆಲಸ ಮಾಡುತ್ತಾನೆ.

ಈಗಾಗಲೇ ದೋಣಿ ಜೋತುಬಿದ್ದಿದ್ದರೆ ದರಕು ತೆಗೆಯಲು ಏಣಿಯನ್ನು ಅದಕ್ಕೆ ಒರಗಿಸಬೇಡಿ, ಗೋಡೆಗೇ ಒರಗಿಸಿ. ಅದರ ಅಡಿಯಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ, ಬೈಕ್ ಕೂಡ ನಿಲ್ಲಿಸಬೇಡಿ.